ತಂಗಳು ಪೆಟ್ಟಿಗೆಯ ಅರ್ಥಶಾಸ್ತ್ರ

ಕನ್ನಡದಲ್ಲಿ ‘ತಂಗಳು’ ಎಂಬ ಪದಕ್ಕೆ ಒಳ್ಳೆಯ ಹೆಸರಿಲ್ಲ. ಹಳಸಿದ ವಿಚಾರಕ್ಕೂ ಹೇಳಿದ್ದನ್ನೇ ಹೇಳುವ ಭಾಷಣಕ್ಕೂ ಅದೇ ವಿಶೇಷಣ. ರೆಫ್ರಿಜರೇಟರ್ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬಂದಾಗ ಹಿರಿಯರು ಅದನ್ನು ‘ತಂಗಳು ಪೆಟ್ಟಿಗೆ’ ಎಂದು ಕರೆದರು. ಆ ಹೆಸರಿನಲ್ಲಿ ಹಾಸ್ಯವಿದ್ದಷ್ಟೇ ಆಕ್ಷೇಪವೂ ಇತ್ತು. ಇಂದು ಆ ಪೆಟ್ಟಿಗೆಯಿಲ್ಲದ ಮಧ್ಯಮ ವರ್ಗದ ಮನೆ ನಗರದಲ್ಲಿ ಸಿಗುವುದು ಕಷ್ಟ. ಆದರೂ ಅದರ ಫ್ರೀಜರ್ ಭಾಗ ಬಹುತೇಕ ಮನೆಗಳಲ್ಲಿ ಐಸ್‌ಕ್ರೀಮ್ ಡಬ್ಬಿಗೆ ಮತ್ತು ಯಾವಾಗಲೋ ತಂದಿಟ್ಟ ಬಟಾಣಿ ಪೊಟ್ಟಣಕ್ಕಷ್ಟೇ ಮೀಸಲು. ಹಣ ತೆತ್ತು ಕೊಂಡು, ತಿಂಗಳು ತಿಂಗಳು ವಿದ್ಯುತ್ ಬಿಲ್ ಕಟ್ಟಿ ನಡೆಸುವ ಬಂಡವಾಳವೊಂದು ಹೀಗೆ ನಿಷ್ಫಲವಾಗಿ ಬಿದ್ದಿರುವುದಕ್ಕೆ ಕಾರಣ ಯಂತ್ರದಲ್ಲಿಲ್ಲ, ನಮ್ಮ ಮನೋಧರ್ಮದಲ್ಲಿದೆ.

ಅಡುಗೆ ಎಂದರೆ ಆಗಿಂದಾಗ್ಗೆ ಮಾಡಿದ್ದು, ಬಿಸಿಬಿಸಿಯಾಗಿ ಬಡಿಸಿದ್ದು ಎಂಬುದು ನಮ್ಮ ನಂಬಿಕೆ. ನಂಬಿಕೆಯೇನೋ ರುಚಿಕರವಾದದ್ದೇ. ಆದರೆ ಅದರ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದಿಲ್ಲ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು. ಪುರುಷರು 97 ನಿಮಿಷ. ಈ 97 ನಿಮಿಷವೂ ಮನೆಗೆಲಸಕ್ಕೆ ಕೈಹಾಕುವ ಪುರುಷರ ಲೆಕ್ಕ ಮಾತ್ರ. ಅಂಥವರು ಸುಮಾರು ಕಾಲುಭಾಗದಷ್ಟಿದ್ದರು. 2024ರ ಸಮೀಕ್ಷೆಯಲ್ಲಿ ಮಹಿಳೆಯರ ಲೆಕ್ಕ 289 ನಿಮಿಷಕ್ಕೆ ಇಳಿದಿದೆ. ಐದು ವರ್ಷಗಳಲ್ಲಿ ಉಳಿತಾಯವಾದದ್ದು ಹತ್ತು ನಿಮಿಷ! ತಿಂಡಿ, ಮಧ್ಯಾಹ್ನದ ಡಬ್ಬಿ, ಮಕ್ಕಳ ಶಾಲೆ, ತನ್ನದೇ ಕಚೇರಿಯ ಬಸ್ಸು ಎಲ್ಲವೂ ಬೆಳಗಿನ ಎರಡು ಗಂಟೆಗಳಲ್ಲಿ ಒತ್ತರಿಸಿಕೊಂಡು ಬರುವ ಮಹಿಳೆಗೆ ‘ತಾಜಾ’ ಎಂಬುದು ರುಚಿಯ ವಿಷಯವಲ್ಲ, ಸಲ್ಲಿಸಬೇಕಾದ ಕಂದಾಯ.

ಹಾಗೆ ನೋಡಿದರೆ ಕೂಡಿಡುವುದು ನಮಗೆ ಹೊಸದೇನಲ್ಲ. ಬೇಸಿಗೆಯ ಬಿಸಿಲಿನಲ್ಲಿ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಾವಿನಕಾಯಿ. ಇವೆಲ್ಲ ದುಡಿಮೆಯನ್ನು ಬಿಡುವಿನ ಕಾಲಕ್ಕೆ ಸರಿಸುವ ಉಪಾಯಗಳೇ. ತಂಗಳಿನ ಬಗೆಗಿನ ತಾತ್ಸಾರವೂ ಎಲ್ಲರದಲ್ಲ. ಹಳೇ ಮೈಸೂರು ಸೀಮೆಯ ರೈತ, ರಾತ್ರಿ ಉಳಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿದೇ ಹೊಲಕ್ಕೆ ಹೋಗುತ್ತಿದ್ದ. ತಾತ್ಸಾರ ಮಾಡುವ ಅನುಕೂಲವಿದ್ದದ್ದು ಅಡುಗೆಯವರನ್ನೋ ಸೊಸೆಯನ್ನೋ ಒಲೆಯ ಮುಂದೆ ನಿಲ್ಲಿಸಬಲ್ಲವರಿಗೆ.

ಘನೀಕರಿಸಿದ ಆಹಾರ ಸತ್ವಹೀನ ಎಂಬ ಆಕ್ಷೇಪವನ್ನು ಸ್ವಲ್ಪ ಪರಿಶೀಲಿಸೋಣ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ 1910ರ ದಶಕದಲ್ಲಿ ಲ್ಯಾಬ್ರಡಾರಿನಲ್ಲಿದ್ದಾಗ, ಅಲ್ಲಿನ ಮೂಲನಿವಾಸಿಗಳು ಹಿಡಿದ ಮೀನು ಕೊರೆಯುವ ಗಾಳಿಗೆ ಕ್ಷಣದಲ್ಲಿ ಹೆಪ್ಪುಗಟ್ಟುವುದನ್ನೂ, ತಿಂಗಳುಗಳ ನಂತರ ಕರಗಿಸಿದರೂ ಅದರ ರುಚಿ ಕೆಡದಿರುವುದನ್ನೂ ಗಮನಿಸಿದ. ಗುಟ್ಟಿರುವುದು ವೇಗದಲ್ಲಿ. ಬೇಗ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ಸಣ್ಣವಾಗಿ ಉಳಿಯುತ್ತವೆ; ನಿಧಾನವಾದರೆ ದೊಡ್ಡವಾಗಿ ಬೆಳೆದು ಜೀವಕೋಶದ ಗೋಡೆಗಳನ್ನು ಹರಿದುಹಾಕುತ್ತವೆ. ಕರಗಿದ ತರಕಾರಿ ಪಿಚ್ಚನೆ ನೀರಾಗುವುದು ಇದರಿಂದ. ಕಾರ್ಖಾನೆಯ ವೇಗ ಮನೆಯ ಫ್ರೀಜರಿಗೆ ಇಲ್ಲ. ಆದ್ದರಿಂದ ಪದಾರ್ಥವನ್ನು ಉಂಡೆಗಟ್ಟಿ ತುರುಕದೆ, ತೆಳುವಾಗಿ ಹರಡಿ, ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಇಡಬೇಕು. ಇನ್ನು ಸತ್ವದ ಮಾತು. ಬಟಾಣಿಯ ಸಕ್ಕರೆಯಂಶ ಕೊಯ್ದ ಗಳಿಗೆಯಿಂದಲೇ ಪಿಷ್ಟವಾಗತೊಡಗುತ್ತದೆ. ಮಾರುಕಟ್ಟೆಯಲ್ಲಿ ಎರಡು ದಿನ, ಮನೆಯಲ್ಲಿ ಮೂರು ದಿನ ಕಳೆದ ‘ತಾಜಾ’ ಬಟಾಣಿಗಿಂತ, ಕೊಯ್ದ ಕೂಡಲೇ ಹೆಪ್ಪುಗಟ್ಟಿಸಿದ್ದು ಎಷ್ಟೋ ಮೇಲು.

ನಮ್ಮ ಅಡುಗೆಗೆ ಇದು ಒಗ್ಗುವ ಬಗೆಯನ್ನು ತಿಳಿಯಲು ಅವರೆಕಾಯಿಗಿಂತ ಒಳ್ಳೆಯ ಉದಾಹರಣೆ ಬೇಡ. ಡಿಸೆಂಬರ್, ಜನವರಿಯ ಇಬ್ಬನಿಯಲ್ಲಿ ಸೊಗಡು ತುಂಬಿದ ಕಾಯಿ ಬೆಂಗಳೂರಿನ ಬೀದಿ ಬೀದಿಯಲ್ಲಿ ರಾಶಿ ಬೀಳುತ್ತದೆ, ಬೆಲೆಯೂ ಇಳಿದಿರುತ್ತದೆ. ಆದರೆ ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದನ್ನೇ ಹಿತುಕಿ ಬೇಳೆ ಮಾಡುವ ಕೆಲಸಕ್ಕೆ ವಾರದ ದಿನಗಳಲ್ಲಿ ಯಾರಿಗೂ ಪುರಸೊತ್ತಿಲ್ಲ. ಭಾನುವಾರ ಮನೆಮಂದಿಯೆಲ್ಲ ಸುತ್ತ ಕುಳಿತು ಹಿತುಕಿದರೆ ಮಾತಿನ ನಡುವೆ ಕೆಲಸ ಮುಗಿಯುತ್ತದೆ. ಬೇಳೆಯನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದರೆ ಬಣ್ಣ, ರುಚಿಗಳನ್ನು ಕೆಡಿಸುವ ಕಿಣ್ವಗಳ ಆಟ ನಿಲ್ಲುತ್ತದೆ. ನಂತರ ತಣ್ಣೀರಿಗೆ ಹಾಕಿ, ನೀರು ಬಸಿದು, ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಡಬೇಕು. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿದರೆ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಹಿತುಕಿದ ಬೇಳೆ ಸಾರು ಮಾಡಿದಾಗ ಸೊಗಡು ಸ್ವಲ್ಪ ಕುಂದಿರುತ್ತದೆ, ನಿಜ. ಆದರೆ ಏಪ್ರಿಲ್ ತಿಂಗಳಲ್ಲಿ ಅದನ್ನು ಬೇರೆ ಯಾವ ರೀತಿಯಲ್ಲಿ ಉಣ್ಣಬಹುದೆಂದು ಆಕ್ಷೇಪಿಸುವವರೇ ಹೇಳಬೇಕು.

ತೆಂಗಿನ ತುರಿಯೂ ಅಂಥದೇ. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸಿಗುವ ಹೆಪ್ಪುಗಟ್ಟಿದ ತುರಿಯಿಂದಲೇ ಅಲ್ಲಿನ ಕನ್ನಡಿಗರು ಹುಳಿ, ಚಟ್ನಿ ಮಾಡುತ್ತಾರೆ. ಯಾರೂ ಊಟ ಬಿಟ್ಟೇಳುವುದಿಲ್ಲ. ಬೇಯಿಸಿ ಮಸೆದ ತೊಗರಿಬೇಳೆ, ಶುಂಠಿ ಬೆಳ್ಳುಳ್ಳಿ ಅರೆದದ್ದು, ಅರೆಬೆಂದ ಚಪಾತಿ, ಇಡ್ಲಿ, ಹಬ್ಬದಲ್ಲಿ ಹೆಚ್ಚಾಗಿ ತಟ್ಟಿದ ಹೋಳಿಗೆ ಎಲ್ಲವೂ ತಾಳಿಕೊಳ್ಳುತ್ತವೆ. ಆಲೂಗೆಡ್ಡೆಯ ಹೋಳು ಮಾತ್ರ ಹಿಟ್ಟುಹಿಟ್ಟಾಗುತ್ತದೆ, ಮೊಸರು ಒಡೆಯುತ್ತದೆ, ಸೌತೆಕಾಯಿಯ ಗತಿ ಹೇಳುವುದೇ ಬೇಡ.

ಬ್ರೆಡ್ಡಿನ ವಿಷಯದಲ್ಲಿ ವಿದ್ಯಾವಂತರೂ ವಿಜ್ಞಾನಕ್ಕೆ ವಿರುದ್ಧವಾಗಿ ನಡೆಯುತ್ತಾರೆ. ಅಯ್ಯಂಗಾರ್ ಬೇಕರಿಯಿಂದ ತಂದ ಬ್ರೆಡ್ಡನ್ನು ಕೆಡಬಾರದೆಂದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡುವುದು ರೂಢಿ. ಬೂಸ್ಟು ಹಿಡಿಯುವುದೇನೋ ತಡವಾಗುತ್ತದೆ, ಆದರೆ ಬ್ರೆಡ್ ಬೇಗ ಗಟ್ಟಿಯಾಗುತ್ತದೆ. ಬೇಯುವಾಗ ನೀರು ಹೀರಿ ಮೆತ್ತಗಾದ ಪಿಷ್ಟ ಆರಿದ ಮೇಲೆ ಮತ್ತೆ ಹರಳುಗಟ್ಟತೊಡಗುತ್ತದೆ, ಹೆಪ್ಪುಗಟ್ಟುವ ಬಿಂದುವಿಗಿಂತ ತುಸು ಮೇಲಿನ ಉಷ್ಣತೆಯಲ್ಲಿ ಈ ಕ್ರಿಯೆ ಅತಿ ವೇಗದ್ದು. ಫ್ರೀಜರಿನಲ್ಲಿ ಅದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ತಂದ ದಿನವೇ ಹೋಳುಗಳನ್ನು ಫ್ರೀಜರಿಗೆ ಸೇರಿಸಿ, ಬೇಕಾದಷ್ಟನ್ನು ನೇರವಾಗಿ ಕಾವಲಿಯ ಮೇಲೆ ಹಾಕಿದರೆ ಅಂದಿನ ಬ್ರೆಡ್ಡಿನಂತೆಯೇ ಇರುತ್ತದೆ. ಬನ್ನಿಗೂ ಕೆನೆಯಿಲ್ಲದ ಸಾದಾ ಕೇಕಿಗೂ ಇದೇ ನ್ಯಾಯ. ಓವನ್ ಕಾಯಿಸುವ ಖರ್ಚು ಒಂದು ಕೇಕಿಗೂ ಎರಡು ಕೇಕಿಗೂ ಹೆಚ್ಚುಕಡಿಮೆ ಒಂದೇ.

ಎಚ್ಚರ ತಪ್ಪುವಂತಿಲ್ಲ. ಶೀತ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು; ಹಳೆಯ ಒಂಟಿ ಬಾಗಿಲಿನ ಫ್ರಿಜ್ಜುಗಳ ಐಸ್ ಗೂಡು ಎಲ್ಲವೂ ಅಷ್ಟು ಇಳಿಯುವುದಿಲ್ಲ. ಬೇಯಿಸಿದ್ದನ್ನು ಕಟ್ಟೆಯ ಮೇಲೆ ಬಿಟ್ಟು ಕರಗಿಸದೆ, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳ ಅರೆಗೆ ಇಳಿಸಿಡಬೇಕು. ವಿದ್ಯುತ್ ಹೋದಾಗ ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಾಳುತ್ತದೆ. ಊರಿಗೆ ಹೋಗುವಾಗ ಒಂದು ಲೋಟ ನೀರನ್ನು ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯವಿಟ್ಟು ಹೋಗಿ. ಬಂದಾಗ ನಾಣ್ಯ ತಳ ಸೇರಿದ್ದರೆ ಒಳಗಿದ್ದದ್ದೆಲ್ಲ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಎಸೆಯುವುದೇ ಕ್ಷೇಮ.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿಯುತ್ತದೆ. ಕುಟುಂಬವೂ ಒಂದು ಉತ್ಪಾದನಾ ಘಟಕ, ಅದರ ಅತಿ ವಿರಳ ಸಂಪನ್ಮೂಲ ಸಮಯ ಎಂಬ ದೃಷ್ಟಿಯನ್ನು ಅರ್ಥಶಾಸ್ತ್ರಕ್ಕೆ ಕೊಟ್ಟದ್ದು ಗ್ಯಾರಿ ಬೆಕರ್ 1965ರಲ್ಲಿ ಬರೆದ ಪ್ರಬಂಧ. ಆ ದೃಷ್ಟಿಯಲ್ಲಿ ಫ್ರೀಜರ್ ಎಂದರೆ ಭಾನುವಾರದ ಸಮಯವನ್ನು ಬುಧವಾರಕ್ಕೆ ಕೂಡಿಡುವ ಉಗ್ರಾಣ. ಆದರೆ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ ತಮ್ಮ ಗ್ರಂಥದಲ್ಲಿ ಇನ್ನೊಂದು ಮಗ್ಗುಲನ್ನು ತೋರಿಸಿದರು. ಅಮೆರಿಕದ ಮನೆಗಳಿಗೆ ಯಂತ್ರಗಳು ಬಂದಂತೆಲ್ಲ ಗಂಡಸರ ಮತ್ತು ಮಕ್ಕಳ ಪಾಲಿನ ಕೆಲಸ ಕಡಿಮೆಯಾಯಿತು, ನಿರೀಕ್ಷೆಗಳು ಏರಿದವು, ತಾಯಿಯ ದುಡಿಮೆ ಮಾತ್ರ ಇಳಿಯಲಿಲ್ಲ. ನಮ್ಮಲ್ಲಿ ಮಿಕ್ಸಿ, ಗ್ರೈಂಡರುಗಳ ಕಥೆ ಬೇರೆಯೇನಲ್ಲ. ಭಾನುವಾರದ ಕಾಯಿ ತುರಿಯುವ, ಚಪಾತಿ ಲಟ್ಟಿಸುವ ಕೆಲಸವೂ ಒಬ್ಬಳ ಪಾಲಿಗೇ ಬಿದ್ದರೆ ಅವಳಿಗಿದ್ದ ಒಂದು ರಜೆಯೂ ಹೋದಂತಾಯಿತು. ಅಂಥ ಮನೆಯಲ್ಲಿ ಫ್ರೀಜರ್ ಇಲ್ಲದಿರುವುದೇ ವಾಸಿ.

ಕೆಲಸ ಆರಂಭಿಸಲು ಹಿಂಜರಿಯುವ ಪುರುಷರಿಗೆ, ಅದರಲ್ಲೂ ನನ್ನಂತೆ ಕಡತಗಳ ನಡುವೆ ಬದುಕು ಸವೆಸಿದವರಿಗೆ, ಹೊಂದುವ ಹುದ್ದೆಯೊಂದಿದೆ. ಅದು ದಾಸ್ತಾನು ವಹಿ ಬರೆಯುವುದು. ಪ್ರತಿ ಪೊಟ್ಟಣಕ್ಕೂ ಹೆಸರು, ದಿನಾಂಕದ ಚೀಟಿ. ಬಾಗಿಲ ಮೇಲೊಂದು ಪಟ್ಟಿ. ಮೊದಲು ಬಂದದ್ದು ಮೊದಲು ಹೊರಕ್ಕೆ. ಸರ್ಕಾರಿ ಗೋದಾಮಿನ ನಿಯಮವೂ ಇದೇ. ನಮ್ಮ ಮನೆಯ ಪಟ್ಟಿಯಲ್ಲಿ ಈ ವಾರ ತೊಗರಿಬೇಳೆ ನಾಲ್ಕು, ಚಪಾತಿ ಇಪ್ಪತ್ತು, ತೆಂಗಿನ ತುರಿ ಆರು ಪೊಟ್ಟಣಗಳಿವೆ. ತುರಿದವನು ನಾನು.