ಕಾಟನ್ ತೊಟ್ಟರೆ ಐದು ಪೌಂಡ್ ದಂಡ!

ಬೇಸಿಗೆ ಬಂತಂದ್ರೆ ನಾವೆಲ್ಲ ಕಾಟನ್ ಬಟ್ಟೆ ಹುಡುಕ್ತೀವಿ. ಆದರೆ ಹೂವಿನಚ್ಚಿನ ಕಾಟನ್ ತೊಟ್ಟಿದ್ದಕ್ಕೆ ದಂಡ ಹಾಕುತ್ತಿದ್ದ ದೇಶವೊಂದಿತ್ತು ಅಂದ್ರೆ ನಂಬ್ತೀರಾ? ಅದು ಇಂಗ್ಲೆಂಡ್!

17ನೇ ಶತಮಾನದ ಕೊನೆಗೆ ಭಾರತದ ಅಚ್ಚಿನ ಬಟ್ಟೆಗೆ ಅಲ್ಲಿನ ಹೆಂಗಳೆಯರು ಮರುಳಾಗಿದ್ದರು. ಹಗುರ, ಒಗೆಯೋದು ಸುಲಭ, ಬಣ್ಣವೂ ಬಿಡದು. ಕಲ್ಲಿಕೋಟೆಯ ಹೆಸರಿನಿಂದಲೇ ಇದಕ್ಕೆ 'ಕ್ಯಾಲಿಕೊ' ಎಂಬ ಹೆಸರು ಬಂತು. ಉಣ್ಣೆ, ರೇಷ್ಮೆ ನೇಕಾರರಿಗೆ ಮಾತ್ರ ಹೊಟ್ಟೆ ಮೇಲೆ ಹೊಡೆದಂತಾಯಿತು. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಗಿಳಿದು, ಕ್ಯಾಲಿಕೊ ತೊಟ್ಟ ಹೆಂಗಸರ ಬಟ್ಟೆಯನ್ನೇ ಹರಿದುಹಾಕಿದರು.

ಅಚ್ಚಿನ ಬಟ್ಟೆಯ ಆಮದಿಗೆ 1700ರ ಕಾನೂನೇ ತಡೆ ಹಾಕಿತ್ತು. ಆಗ ವ್ಯಾಪಾರಿಗಳು ಬಿಳಿ ಬಟ್ಟೆ ತರಿಸಿ, ಅಲ್ಲೇ ಅಚ್ಚು ಹಾಕತೊಡಗಿದರು. ಹಾಗಾಗಿ 1721ರಲ್ಲಿ ತೊಡುವುದನ್ನೇ ನಿಷೇಧಿಸಲಾಯಿತು. ದಂಡ ಐದು ಪೌಂಡ್. ಅದು ಸೇರುತ್ತಿದ್ದದ್ದು ಚಾಡಿ ಹೇಳಿದವನಿಗೆ!

ತಮಾಷೆ ಇರೋದು ಇಲ್ಲೇ. ಉಣ್ಣೆಯನ್ನು ಕಾಪಾಡಲು ತಂದ ಕಾನೂನು ಹತ್ತಿ ಉದ್ಯಮಕ್ಕೇ ಆಸರೆಯಾಯಿತು. ಹಾಸಿಗೆ ಲಿನನ್ ದಾರ, ಹೊಕ್ಕಿಗೆ ಹತ್ತಿ ನೂಲು ಬಳಸಿದ ಬಟ್ಟೆಗೆ 1736ರಲ್ಲಿ ವಿನಾಯಿತಿ ಸಿಕ್ಕಿತು. ಭಾರತದ ಪೈಪೋಟಿಯ ಭಯವಿಲ್ಲದ ಮಾರುಕಟ್ಟೆಯಲ್ಲಿ ಲ್ಯಾಂಕಾಶೈರ್ ಬೆಳೆಯಿತು. ಹಾಸಿಗೂ ತಡೆಯುವಷ್ಟು ಗಟ್ಟಿ ಹತ್ತಿ ನೂಲು ತೆಗೆಯುವ ಯಂತ್ರಕ್ಕೆ 1769ರಲ್ಲಿ ರಿಚರ್ಡ್ ಆರ್ಕ್‌ರೈಟ್ ಪೇಟೆಂಟ್ ಪಡೆದ. 1774ರಲ್ಲಿ ಪಾರ್ಲಿಮೆಂಟಿನ ಮೊರೆಹೋಗಿ, ಬ್ರಿಟನ್ನಿನಲ್ಲೇ ತಯಾರಾದ ಅಪ್ಪಟ ಹತ್ತಿ ಬಟ್ಟೆಯ ಮೇಲಿದ್ದ ನಿಷೇಧವನ್ನೂ ತೆಗೆಸಿದ.

ಬಾಗಿಲು ಅಲ್ಲಿಗೂ ಪೂರ್ತಿ ತೆರೆಯಲಿಲ್ಲ. ನುರಿತ ಕುಶಲಕರ್ಮಿಗಳು ದೇಶ ಬಿಡುವಂತಿಲ್ಲ, ಯಂತ್ರ ಹೊರಗೆ ಹೋಗುವಂತಿಲ್ಲ! 1789ರಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ಯಂತ್ರದ ಗುಟ್ಟನ್ನೆಲ್ಲ ತಲೆಯಲ್ಲೇ ತುಂಬಿಕೊಂಡು ಅಮೆರಿಕದ ಹಡಗು ಹತ್ತಿದ. ಕುಶಲಕರ್ಮಿಗಳ ಮೇಲಿನ ನಿರ್ಬಂಧ 1824ರಲ್ಲಿ, ಯಂತ್ರಗಳದ್ದು 1843ರಲ್ಲಿ ಹೋಯಿತು. ಅಷ್ಟರಲ್ಲಿ ಬ್ರಿಟನ್ ಬಹಳ ಮುಂದೆ ಸಾಗಿತ್ತು.

ಯಂತ್ರ ಕಟ್ಟಿದವರ ಜಾಣತನ ಸುಳ್ಳಲ್ಲ. ಆದರೆ ಆ ಜಾಣತನ ಬೇರೂರಲು ಸರ್ಕಾರ ಬೇಲಿ ಹಾಕಿಕೊಟ್ಟಿತ್ತು ಅನ್ನೋದೂ ಅಷ್ಟೇ ನಿಜ. ನಮ್ಮ ಪಾಲಿಗೆ ಬಂದದ್ದು ತದ್ವಿರುದ್ಧ ನೀತಿ. ಭಾರತದ ಗಿರಣಿಗಳು ತಲೆ ಎತ್ತಿದಾಗ, ಬೇಲಿ ಹಾಕುವ ಬದಲು ಅವುಗಳ ಬಟ್ಟೆಯ ಮೇಲೇ 1896ರಲ್ಲಿ ಬ್ರಿಟಿಷ್ ಸರ್ಕಾರ ಶೇ. 3.5 ಅಬಕಾರಿ ಸುಂಕ ಹೇರಿತು. ಆಮದಾಗುವ ಲ್ಯಾಂಕಾಶೈರ್ ಬಟ್ಟೆಗೂ ಅಷ್ಟೇ ಸುಂಕ. ಸಮಾನತೆ ಅಂದ್ರೆ ಇದೇನಾ?