ಯಾವ ಕಲ್ಲು ಮೊದಲು, ಯಾವುದು ಆಮೇಲೆ?

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿದವರು ಸಾಮಾನ್ಯವಾಗಿ ಅಲ್ಲಿಂದ ಊರು ನೋಡುತ್ತಾರೆ. ಭೂವಿಜ್ಞಾನದ ಮೊದಲ ಪಾಠಕ್ಕೆ ಕಾಲಡಿ ನೋಡಬೇಕು. ಬಂಡೆಯ ಮೈ ಒಂದೇ ಬಣ್ಣದ್ದಲ್ಲ. ತಿಳಿ ಬೂದು ಪಟ್ಟೆ, ಅದಕ್ಕೆ ಒತ್ತಿಕೊಂಡು ಕಪ್ಪು ಪಟ್ಟೆ, ಮತ್ತೆ ಬೂದು. ಕೆಲವೆಡೆ ನೇರ, ಕೆಲವೆಡೆ ಸೊಟ್ಟ. ತಿಳಿ ಪಟ್ಟೆಯಲ್ಲಿ ಇರುವುದು ಹೆಚ್ಚಾಗಿ ಬೆಣಚು ಮತ್ತು ಫೆಲ್ಡ್‌ಸ್ಪಾರ್. ಕಪ್ಪು ಪಟ್ಟೆಯಲ್ಲಿ ಕರಿ ಅಭ್ರಕ, ಅಂದರೆ ನಾವು ಕಾಗೆಬಂಗಾರ ಎನ್ನುವುದರ ಒಂದು ಬಗೆ. ನೆಲದ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಖನಿಜಗಳು ಹೀಗೆ ಸಾಲುಗೂಡಿದ ಕಲ್ಲಿಗೆ ನೈಸ್ ಎಂದು ಹೆಸರು. ದಕ್ಷಿಣ ಭಾರತದಲ್ಲಿ ಬಹುದೂರ ಹರಡಿರುವ ಇದನ್ನು 1916ರಲ್ಲಿ ‘ಪೆನಿನ್ಸುಲರ್ ನೈಸ್’ ಎಂದು ಕರೆದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್. ಲಾಲ್‌ಬಾಗಿನ ಬಂಡೆ ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಹೆಸರುಗಳು ಸದ್ಯಕ್ಕೆ ಇಷ್ಟು ಸಾಕು. ಕಲೆ, ವಾಣಿಜ್ಯ ಓದುವವರು ಈ ಶಾಸ್ತ್ರಕ್ಕೆ ಹೆದರುವುದೇ ಹೆಸರುಗಳ ಪಟ್ಟಿಯಿಂದ. ಆದರೆ ಬಂಡೆಯ ಮುಂದೆ ನಿಂತ ಭೂವಿಜ್ಞಾನಿ ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಬಹಳ ಸರಳವಾದದ್ದು: ಇಲ್ಲಿ ಯಾವುದು ಮೊದಲು ಆಯಿತು, ಯಾವುದು ಆಮೇಲೆ? ಇದಕ್ಕೆ ಉತ್ತರ ಹೇಳಲು ಗಣಿತ ಬೇಡ, ಪ್ರಯೋಗಾಲಯವೂ ಬೇಡ. ನಿಧಾನವಾಗಿ ನೋಡುವ ಕಣ್ಣು ಬೇಕು.

ನೋಡೋಣ. ನೈಸ್‌ನ ಪಟ್ಟೆಗಳ ನಡುವೆ ಅಲ್ಲಲ್ಲಿ ಬೇರೆ ಜಾತಿಯ ಕಲ್ಲಿನ ತುಣುಕುಗಳು ಸಿಕ್ಕಿಹಾಕಿಕೊಂಡಿವೆ. ಸುತ್ತಲಿನ ಕಲ್ಲು ಕರಗಿ ಮೇಲೆದ್ದಾಗ ತುಣುಕುಗಳು ಆಗಲೇ ಗಟ್ಟಿಯಾಗಿದ್ದರೆ ಮಾತ್ರ ಹೀಗೆ ಸಿಕ್ಕಿಕೊಳ್ಳಲು ಸಾಧ್ಯ. ಆದ್ದರಿಂದ ಒಳಗೆ ಸಿಕ್ಕಿದ್ದು ಹಳೆಯದು, ಸುತ್ತುವರಿದದ್ದು ಹೊಸದು. ಇಂಥ ಬಂಡೆಗಳಲ್ಲಿ ಪಟ್ಟೆಗಳನ್ನು ಅಡ್ಡಡ್ಡ ಸೀಳಿಕೊಂಡು ಹೋದ ಬಿಳಿ ಅಥವಾ ನಸುಗೆಂಪು ಎಳೆಗಳೂ ಇರುತ್ತವೆ. ಗೋಡೆ ಎದ್ದ ಮೇಲೆ ತಾನೆ ಅದು ಬಿರುಕು ಬಿಡುವುದು? ಹಾಗೆಯೇ ಸೀಳಿದ್ದು ಯಾವಾಗಲೂ ಸೀಳಿಸಿಕೊಂಡದ್ದಕ್ಕಿಂತ ಹೊಸದು. ಆ ಎಳೆಯೇ ಒಂದು ಬಿರುಕಿನ ಬಳಿ ತುಂಡಾಗಿ ನಾಲ್ಕು ಬೆರಳು ಪಕ್ಕಕ್ಕೆ ಸರಿದಿದ್ದರೆ, ಬಿರುಕು ಎಳೆಗಿಂತಲೂ ಈಚಿನದು. ಒಂದು ಚಾಪೆಯಗಲದ ಬಂಡೆಯಲ್ಲಿ ನಾಲ್ಕು ಘಟನೆಗಳನ್ನು ಅನುಕ್ರಮವಾಗಿ ಜೋಡಿಸಿದಂತಾಯಿತು.

ಈ ಸರಳ ತರ್ಕ ಒಂದು ಕಾಲಕ್ಕೆ ದೊಡ್ಡ ವಾದವನ್ನೇ ತಲೆಕೆಳಗು ಮಾಡಿತು. 18ನೇ ಶತಮಾನದ ಕೊನೆಗೆ ಯುರೋಪಿನ ಅನೇಕ ಪಂಡಿತರು ಗ್ರಾನೈಟ್ ಭೂಮಿಯ ಮೊಟ್ಟಮೊದಲ ಕಲ್ಲು, ಆದಿಸಾಗರದ ನೀರಿನಿಂದ ತಳಕ್ಕಿಳಿದದ್ದು ಎಂದು ನಂಬಿದ್ದರು. ವೈದ್ಯಕೀಯ ಓದಿ, ಬೇಸಾಯ ಮಾಡಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಹಟನ್‌ಗೆ ಅದು ಸರಿಯೆನಿಸಿರಲಿಲ್ಲ. 1785ರಲ್ಲಿ ಗ್ಲೆನ್ ಟಿಲ್ಟ್ ಎಂಬ ಕಣಿವೆಯ ಹೊಳೆಯಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತು: ಕೆಂಪು ಗ್ರಾನೈಟಿನ ಎಳೆಗಳು ಕಪ್ಪು ಶಿಸ್ಟ್ ಕಲ್ಲಿನೊಳಕ್ಕೆ ನುಗ್ಗಿದ್ದವು. ಅಂದರೆ ಗ್ರಾನೈಟೇ ಈಚಿನದು, ಅದೂ ಕರಗಿದ ಸ್ಥಿತಿಯಲ್ಲಿ ಕೆಳಗಿನಿಂದ ಬಂದದ್ದು. ಹಟನ್ ಹಿಗ್ಗಿದ್ದನ್ನು ಕಂಡು, ಚಿನ್ನವೋ ಬೆಳ್ಳಿಯೋ ಸಿಕ್ಕಿರಬೇಕೆಂದು ದಾರಿ ತೋರಿಸಲು ಬಂದವರು ತಿಳಿದರೆಂದು ಅವರ ಗೆಳೆಯ ಪ್ಲೇಫೇರ್ ಬರೆದಿಟ್ಟಿದ್ದಾರೆ.

ಹಟನ್ ಕಂಡದ್ದನ್ನು ಕಾಣಲು ನಾವು ಸ್ಕಾಟ್ಲೆಂಡಿಗೆ ಹೋಗಬೇಕಿಲ್ಲ, ರಾಮನಗರಕ್ಕೆ ಹೋದರೆ ಸಾಕು. ‘ಶೋಲೆ’ ಚಿತ್ರದಲ್ಲಿ ದೇಶವೆಲ್ಲ ನೋಡಿದ ಆ ಬೆಟ್ಟಗಳ ಕಲ್ಲಿಗೆ ಊರಿನ ಹಳೆಯ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಹಂಪಿಯ ಕಡೆಯಿಂದ ಕೊಳ್ಳೇಗಾಲದ ಕಡೆಗೆ ರಾಜ್ಯದ ಉದ್ದಕ್ಕೂ ಪಟ್ಟಿಯಂತೆ ಹರಡಿದ ಕಲ್ಲು ಇದು. ರಾಮನಗರದ ಸುತ್ತಿನ ಕ್ವಾರಿಗಳಲ್ಲಿ ಹೊಸದಾಗಿ ಒಡೆದ ಮುಖ ನೋಡಿದರೆ ಗ್ರಾನೈಟಿನ ಹೊಟ್ಟೆಯಲ್ಲಿ ಪಟ್ಟೆಪಟ್ಟೆಯ ನೈಸ್ ತುಂಡುಗಳು ಕಾಣುತ್ತವೆ. ನೈಸ್ ಮೊದಲು, ಗ್ರಾನೈಟ್ ಆಮೇಲೆ.

ಇವೆರಡನ್ನೂ ಸೀಳಿದ ಮೂರನೆಯದೊಂದಿದೆ. ಆಳದ ಬಿರುಕುಗಳಿಗೆ ಕರಗಿದ ಕಲ್ಲು ನುಗ್ಗಿ, ನಿಲುವಾದ ಗೋಡೆಯಾಗಿ ಹೆಪ್ಪುಗಟ್ಟಿದರೆ ಅದು ಡೈಕ್. ನಮ್ಮಲ್ಲಿನ ಡೈಕ್‌ಗಳು ಹೆಚ್ಚಾಗಿ ಡಾಲರೈಟ್ ಎಂಬ ಕಪ್ಪು ಕಲ್ಲಿನವು. ಕನಕಪುರ, ಚಾಮರಾಜನಗರದ ಕಡೆಯ ಕ್ವಾರಿಗಳಿಂದ ಬರುವ ‘ಬ್ಲ್ಯಾಕ್ ಗ್ರಾನೈಟ್’ ಇದೇ. ಹೊಳಪು ಕೊಟ್ಟ ಈ ಕಲ್ಲಿಗೆ ಅಂಗಡಿಯವರು ಏನೇ ಹೆಸರಿಡಲಿ, ಇದು ಗ್ರಾನೈಟ್ ಅಲ್ಲ. ಗ್ರಾನೈಟನ್ನು ಸೀಳಿಕೊಂಡು ಬಂದ ಕಲ್ಲು.

ಅನುಕ್ರಮವೇನೋ ಸಿಕ್ಕಿತು. ಎಷ್ಟು ವರ್ಷದ ಹಿಂದೆ ಎಂಬುದು ಕಣ್ಣಿಗೆ ಎಟುಕುವುದಿಲ್ಲ. ಅದಕ್ಕೆ ಜಿರ್ಕಾನ್ ಎಂಬ ಖನಿಜದ ಸಹಾಯ ಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ ಇರುವ ಈ ಹರಳು ಕರಗಿದ ಕಲ್ಲಿನಲ್ಲಿ ಹುಟ್ಟುವಾಗ ಯುರೇನಿಯಂ ಪರಮಾಣುಗಳನ್ನು ಒಳಕ್ಕೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಡುತ್ತದೆ. ಒಳಗಿನ ಯುರೇನಿಯಂ ತನ್ನ ಪಾಡಿಗೆ ಕ್ಷಯಿಸುತ್ತ ಕೊನೆಗೆ ಸೀಸವಾಗುತ್ತದೆ. ಯುರೇನಿಯಂ-238 ಅರ್ಧದಷ್ಟಾಗಲು ಸುಮಾರು 447 ಕೋಟಿ ವರ್ಷ ಬೇಕು, ಬಿಸಿಯಾಗಲಿ ಒತ್ತಡವಾಗಲಿ ಈ ವೇಗವನ್ನು ಬದಲಿಸುವುದಿಲ್ಲ. ಆದ್ದರಿಂದ ಇಂದು ಹರಳಿನಲ್ಲಿರುವ ಸೀಸವನ್ನೂ ಉಳಿದ ಯುರೇನಿಯಂ ಅನ್ನೂ ಅಳೆದರೆ ಅದರ ವಯಸ್ಸು ಸಿಗುತ್ತದೆ. ಡೈಕ್‌ಗಳಲ್ಲಿ ಬ್ಯಾಡಲಿಯೈಟ್ ಎಂಬ ಇನ್ನೊಂದು ಖನಿಜ ಇದೇ ಕೆಲಸಕ್ಕೆ ಒದಗುತ್ತದೆ.

ಹೀಗೆ ಬಂದ ಅಂಕಿಗಳನ್ನು ಗಮನವಿಟ್ಟು ನೋಡಿ. ಬೆಂಗಳೂರು ಸುತ್ತಿನ ನೈಸ್ ಸುಮಾರು 300 ಕೋಟಿ ವರ್ಷ ಹಳೆಯದು, ಹಾಸನದ ಗೊರೂರಿನ ಕಡೆ 330 ಕೋಟಿಯನ್ನೂ ದಾಟುತ್ತದೆ. ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ. ಬೆಂಗಳೂರು-ಹಾರೋಹಳ್ಳಿ ಕಡೆಯ ಡೈಕ್‌ಗಳಲ್ಲಿ ಒಂದು ದೊಡ್ಡ ಗುಂಪು ಸುಮಾರು 237 ಕೋಟಿ. ಬರಿಗಣ್ಣು ಹೇಳಿದ ಅನುಕ್ರಮವೂ ಯಂತ್ರ ಹೇಳಿದ ಅನುಕ್ರಮವೂ ಒಂದೇ. ಒಂದು ವಿಜ್ಞಾನವನ್ನು ನಂಬಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ. ನಾಳೆ ಇನ್ನೂ ಸೂಕ್ಷ್ಮವಾಗಿ ಅಳೆದು ಯಾವುದೋ ಅಂಕಿ ಒಂದೆರಡು ಕೋಟಿ ಆಚೀಚೆ ಆಗಬಹುದು. ಸೀಳಿದ್ದು ಸೀಳಿಸಿಕೊಂಡದ್ದಕ್ಕಿಂತ ಹಳೆಯದಾಗುವುದು ಮಾತ್ರ ಎಂದಿಗೂ ಇಲ್ಲ.

ಆದರೆ ಆ ಡೈಕ್‌ಗಳಿಂದ ಈಚೆಗೆ? ಬೆಂಗಳೂರಿನ ನೆಲದಲ್ಲಿ ಅವುಗಳ ಮೇಲೆ ಇರುವುದು ಮಣ್ಣು. ಇನ್ನೂರು ಕೋಟಿಗೂ ಮಿಕ್ಕ ವರ್ಷಗಳ ದಾಖಲೆ ಅಲ್ಲಿ ಬಹುಪಾಲು ಇಲ್ಲ. ಹಲವು ಕಿಲೋಮೀಟರ್ ಆಳದಲ್ಲಿ ರೂಪುಗೊಂಡ ನೈಸ್ ಇಂದು ನಮ್ಮ ಕಾಲಡಿಗೆ ಬಂದಿದೆ ಎಂದರೆ ಮೇಲಿದ್ದ ಅಷ್ಟೂ ಕಲ್ಲು ಸವೆದು ನದಿಗಳ ಪಾಲಾಗಿದೆ ಎಂದೇ ಅರ್ಥ. ಕಳೆದುಹೋದ ಕಾಲವನ್ನೂ ಕಣ್ಣಿನಿಂದ ಗುರುತಿಸಬಹುದು. ಬೆಳಗಾವಿ ಜಿಲ್ಲೆಯ ರಾಮದುರ್ಗದ ಬಳಿ ಹಳೆಯ ಕಲಾದಗಿ ಕಲ್ಲಿನ ಪದರಗಳು ವಾಲಿ ನಿಂತಿವೆ, ಅವುಗಳ ತಲೆ ಸವೆದು ಸಮವಾಗಿದೆ, ಆ ಸಮತಟ್ಟಿನ ಮೇಲೆ ಬಾದಾಮಿಯ ಮರಳುಗಲ್ಲು ಅಡ್ಡಡ್ಡ ಮಲಗಿದೆ. ಕೆಳಗಿನದು ಕೂಡಿಬರಬೇಕು, ಗಟ್ಟಿಯಾಗಬೇಕು, ಬಾಗಬೇಕು, ಮೇಲೆದ್ದು ಸವೆಯಬೇಕು, ಅಲ್ಲಿ ಮತ್ತೆ ಮರಳು ಬಂದು ಕೂರಬೇಕು. ಅಷ್ಟೂ ಕಾಲ ಎರಡು ಕಲ್ಲುಗಳ ನಡುವಿನ ಒಂದು ಗೆರೆಯಲ್ಲಿ ಅಡಗಿದೆ. ಇನ್ನೂ ಉತ್ತರಕ್ಕೆ ವಿಜಯಪುರದ ಕಡೆಗೆ ಹೋದರೆ ಹಳೆಯ ನೆಲವನ್ನು ಮುಚ್ಚಿದ ಲಾವಾ ಸಿಗುತ್ತದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಆ ಬಸಾಲ್ಟ್ ಕೊಳೆತು ಆದದ್ದೇ ಅಲ್ಲಿನ ಎರೆಮಣ್ಣು.

ಬ್ಯಾಂಕಿನಲ್ಲೋ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಕೆಲಸ ಮಾಡುವವರಿಗೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಬೋರ್‌ವೆಲ್ ವಿಚಾರ ತೆಗೆದುಕೊಳ್ಳಿ. ನೈಸ್‌ನಲ್ಲಾಗಲಿ ಗ್ರಾನೈಟಿನಲ್ಲಾಗಲಿ ಹರಳುಗಳು ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡಿರುತ್ತವೆ, ಹನಿ ನೀರಿಗೂ ಜಾಗವಿಲ್ಲ. ನೀರು ನಿಲ್ಲುವುದು ಕಲ್ಲಾದ ಮೇಲೆ ಆದ ಬಿರುಕುಗಳಲ್ಲಿ, ಮೇಲ್ಭಾಗದಲ್ಲಿ ಕಲ್ಲು ಕೊಳೆತು ಸಡಿಲವಾದ ಪದರದಲ್ಲಿ. ಅಂದರೆ ಕೋಟಿಗಟ್ಟಲೆ ವರ್ಷಗಳ ಆ ಸಾಲಿನಲ್ಲಿ ಕಟ್ಟಕಡೆಯ ಘಟನೆಗಳೇ ನಮಗೆ ನೀರು ಕೊಡುವುದು. ಮೇಲಿನ ಪದರ ಬತ್ತಿದ ಮೇಲೆ ಸಾವಿರ ಅಡಿ ಕೊರೆದರೂ ಬಿರುಕು ಸಿಗದಿದ್ದರೆ ಬರುವುದು ಕಲ್ಲಿನ ಪುಡಿ ಮಾತ್ರ. ಸಾಲ ಮಾಡಿ ಕೊರೆಸುವ ರೈತನಿಗೂ ಸಾಲ ಕೊಡುವ ಅಧಿಕಾರಿಗೂ ಇಷ್ಟು ತಿಳಿದಿರಬೇಕು.

ಡೈಕ್ ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹೊಲಗಳ ನಡುವೆ ದುಂಡು ದುಂಡಾದ ಕಪ್ಪು ಗುಂಡುಗಳು ಒಂದೇ ಸಾಲಿನಲ್ಲಿ ದೂರದವರೆಗೆ ಕಂಡರೆ ಅದರಡಿ ಡೈಕ್ ಇರುವ ಸಂಭವ ಹೆಚ್ಚು. ಬಿರುಕಿಲ್ಲದ ಡೈಕ್ ನೆಲದೊಳಗಿನ ಅಡ್ಡಗಟ್ಟೆಯಾಗಿ ಅಂತರ್ಜಲವನ್ನು ತಡೆಯುತ್ತದೆ. ಅಂಥ ಕಡೆ ಇಳಿಜಾರಿನ ಮೇಲ್ಬದಿಯ ಬಾವಿಯಲ್ಲಿ ನೀರಿದ್ದು, ಕೂಗಳತೆಯಲ್ಲಿರುವ ಕೆಳಬದಿಯ ಬಾವಿ ಒಣಗಿರಬಹುದು.