ಒಂದು ಬತ್‌ಗೆ ಎಷ್ಟು ಲೀಟರ್?

ಓದುಗರೊಬ್ಬರು ಕೇಳಿದ್ದಾರೆ: ಹಳೆಯ ಒಡಂಬಡಿಕೆಯಲ್ಲಿ ಎಣ್ಣೆ, ದ್ರಾಕ್ಷಾರಸ ಅಳೆಯುವ ‘ಬತ್’ ಒಂದು ಪುಸ್ತಕದ ಕೋಷ್ಟಕದಲ್ಲಿ 22 ಲೀಟರ್, ಇನ್ನೊಂದರಲ್ಲಿ 39 ಲೀಟರ್, ಯಾವುದು ಸರಿ? ಎರಡಕ್ಕೂ ಆಧಾರವಿದೆ. ದಶಮಾಂಶ ಬಿಂದು ಇಟ್ಟು 22.0 ಎಂದು ಬರೆಯುವ ಧೈರ್ಯಕ್ಕೆ ಮಾತ್ರ ಆಧಾರವಿಲ್ಲ.

ಒಳಲೆಕ್ಕದಲ್ಲಿ ಗೊಂದಲವೇ ಇಲ್ಲ. ಹನ್ನೆರಡು ಲೋಗ್‌ಗೆ ಒಂದು ಹಿನ್, ಆರು ಹಿನ್‌ಗೆ ಒಂದು ಬತ್, ಹತ್ತು ಬತ್‌ಗೆ ಒಂದು ಹೋಮೆರ್. ಧಾನ್ಯದ ಏಫಾ ಮತ್ತು ದ್ರವದ ಬತ್ ಒಂದೇ ಗಾತ್ರದವು ಎಂದು ಪ್ರವಾದಿ ಯೆಹೆಜ್ಕೇಲ ಕಟ್ಟುನಿಟ್ಟಾಗಿ ಹೇಳುತ್ತಾನೆ. ಆದರೆ ಇವೆಲ್ಲ ಒಂದಕ್ಕೊಂದರ ನಂಟು, ಅಷ್ಟೇ. ನಮ್ಮಲ್ಲಿ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂದು ಯಾರಾದರೂ ಹೇಳುತ್ತಿದ್ದರು. ಆ ಕೊಳಗ ಎಷ್ಟು ದೊಡ್ಡದು ಎಂದರೆ ಊರಿಗೊಂದು ಉತ್ತರ. 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹೋದಲ್ಲೆಲ್ಲ ಸೇರು, ಕೊಳಗಗಳನ್ನು ಹೊಸದಾಗಿ ವಿಚಾರಿಸಿ ಬರೆದುಕೊಳ್ಳಬೇಕಾಯಿತು. ಅವನಿಗಾದರೆ ಕೊಳಗ ಕಣ್ಣೆದುರಿಗಿತ್ತು. ಯೆಹೂದದ ಬತ್ ಒಡೆದು ಎರಡೂವರೆ ಸಾವಿರ ವರ್ಷ ದಾಟಿದೆ.

ಒಡೆದದ್ದೇನೋ ನಿಜ, ಚೂರುಗಳು ಸಿಕ್ಕಿವೆ. ಯೆಹೂದ ಸೀಮೆಯ ಟೆಲ್ ಬೇತ್ ಮಿರ್ಸಿಮ್‌ನಲ್ಲಿ 1926ರಿಂದ ಉತ್ಖನನ ನಡೆಸಿದ ಅಮೆರಿಕದ ವಿಲಿಯಂ ಆಲ್‌ಬ್ರೈಟ್‌ಗೆ ‘ಬತ್’ ಎಂದು ಕೆತ್ತಿದ ಜಾಡಿಯ ತುಂಡು ದೊರೆಯಿತು. ತುಂಡಿನಿಂದ ಇಡೀ ಜಾಡಿಯನ್ನು ಕಲ್ಪಿಸಿ ಅವರು ಮಾಡಿದ ಅಂದಾಜೇ ಸುಮಾರು 22 ಲೀಟರ್. ‘ಅರಸನಿಗೆ’ ಎಂಬ ಮುದ್ರೆಯ ದೊಡ್ಡ ಜಾಡಿಗಳು ಸುಮಾರು 45 ಲೀಟರ್ ಹಿಡಿಯುತ್ತವೆ, ಅಂದರೆ ಸರಿಯಾಗಿ ಎರಡು ಬತ್ ಎಂದೂ ಅವರು ವಾದಿಸಿದರು. ಕೇಳಲು ಸೊಗಸು. ಆದರೆ ಮುಂದೆ ಅದೇ ಸೀಮೆಯ ಲಾಕೀಷಿನಲ್ಲಿ ಪುರಾತತ್ವಜ್ಞ ಡೇವಿಡ್ ಉಸ್ಸಿಶ್ಕಿನ್ ಇಂಥ ಜಾಡಿಗಳನ್ನು ಜೋಡಿಸಿ ಅಳೆದಾಗ ಒಂದರಂತೆ ಇನ್ನೊಂದಿರಲಿಲ್ಲ. ಕೆಲವು 40 ಲೀಟರ್ ಆಸುಪಾಸು, ಕೆಲವು 50ರ ಹತ್ತಿರ. ಕುಂಬಾರ ಜಾಡಿ ಮಾಡಿದ್ದ, ಮಾಪನ ಮಾಡಿರಲಿಲ್ಲ.

39 ಬಂದದ್ದು ಒಂದನೆಯ ಶತಮಾನದ ಇತಿಹಾಸಕಾರ ಜೋಸೀಫಸ್‌ನಿಂದ. ಬತ್‌ಗೆ 72 ಸೆಕ್ಸ್‌ಟೇರಿಯಸ್ ಎನ್ನುತ್ತಾನೆ ಅವನು. ಆ ರೋಮನ್ ಅಳತೆ ಸುಮಾರು 0.54 ಲೀಟರ್. ಬತ್‌ಗೆ 72 ಲೋಗ್ ಎಂಬುದೂ ಗೊತ್ತಿರುವುದರಿಂದ ನನಗೊಂದು ಗುಮಾನಿ: ಅವನು ಅಳೆಯಲಿಲ್ಲ, ತನ್ನ ಓದುಗರಿಗೆ ಪರಿಚಯವಿದ್ದ ಅಳತೆಯನ್ನು ಲೋಗ್‌ನ ಜಾಗದಲ್ಲಿ ಕೂರಿಸಿದ.

ಇವೆರಡನ್ನೂ ಬಿಟ್ಟು ಯೆಹೂದಿ ಪಂಡಿತರು ಹಿಡಿದ ದಾರಿಯೇ ನನಗೆ ಹೆಚ್ಚು ಇಷ್ಟ. ಒಂದು ಲೋಗ್ ಎಂದರೆ ಆರು ಕೋಳಿಮೊಟ್ಟೆಯ ಗಾತ್ರ. ಅದರ ಕಾಲುಭಾಗ, ಒಂದೂವರೆ ಮೊಟ್ಟೆ, ‘ರೆವಿಇತ್’. ಪಾಸ್ಕ ಹಬ್ಬದ ರಾತ್ರಿ ಕುಡಿಯುವ ನಾಲ್ಕು ಬಟ್ಟಲುಗಳಲ್ಲಿ ಒಂದೊಂದೂ ಇಷ್ಟು ಹಿಡಿಯಬೇಕು. ಯೆಹೂದಿ ಧರ್ಮಶಾಸ್ತ್ರದ ಗ್ರಂಥ ತಾಲ್ಮುದ್ ಇದನ್ನೇ ಹೆಬ್ಬೆರಳಿನ ಅಗಲದಲ್ಲೂ ಹೇಳುತ್ತದೆ: ಎರಡು ಬೆರಳು ಉದ್ದ, ಎರಡು ಅಗಲ, 2.7 ಎತ್ತರ; ಒಟ್ಟು 10.8 ಘನಬೆರಳು. ಹದಿನೆಂಟನೆಯ ಶತಮಾನದಲ್ಲಿ ಪ್ರಾಗ್‌ನ ರಬ್ಬಿ ಯೆಹೆಜ್ಕೇಲ್ ಲಾಂಡೌ ಎರಡನ್ನೂ ಅಳೆದು ಹೋಲಿಸಿದರು. ಹೆಬ್ಬೆರಳಿನ ಲೆಕ್ಕ ಮೊಟ್ಟೆಯ ಲೆಕ್ಕದ ಹತ್ತಿರಹತ್ತಿರ ಇಮ್ಮಡಿ ಬಂತು! ಮನುಷ್ಯರ ಬೆರಳು ದಪ್ಪವಾಗಿರಲಾರದು, ಮೊಟ್ಟೆಯೇ ಅರ್ಧಕ್ಕೆ ಕುಗ್ಗಿರಬೇಕು ಎಂದು ಅವರು ತೀರ್ಮಾನಿಸಿದರು. ಜೀವವಿಜ್ಞಾನ ಇದನ್ನು ಒಪ್ಪುವುದು ಕಷ್ಟ. ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿಯ ಮೊಟ್ಟೆ ಇಂದಿನ ಅಂಗಡಿಮೊಟ್ಟೆಗಿಂತ ಚಿಕ್ಕದು. ತಳಿ ಆರಿಸುತ್ತ ಬಂದ ಮನುಷ್ಯ ಅದನ್ನು ದೊಡ್ಡದು ಮಾಡಿದ್ದಾನೆಯೇ ಹೊರತು ಕುಗ್ಗಿಸಿಲ್ಲ.

ಇದಕ್ಕೂ ಆರು ಶತಮಾನ ಮೊದಲೇ ಈಜಿಪ್ಟಿನ ವೈದ್ಯ, ತತ್ವಜ್ಞಾನಿ ಮೈಮೊನಿಡೀಸ್ ಜಾಣತನ ತೋರಿದ್ದರು. ಬೆರಳು, ಮೊಟ್ಟೆಗಳ ಜೊತೆಗೆ ಅವರು ತೂಕವನ್ನೂ ಕೊಟ್ಟರು: ಒಂದು ರೆವಿಇತ್ ನೀರಿನ ತೂಕ ಸುಮಾರು 27 ದಿರ್ಹಮ್. ಇಪ್ಪತ್ತನೆಯ ಶತಮಾನದಲ್ಲಿ ಜೆರುಸಲೇಮಿನ ರಬ್ಬಿ ಹಾಯಿಮ್ ನಾಯೆ ದಿರ್ಹಮ್‌ಗೆ 3.2 ಗ್ರಾಂ ಹಿಡಿದು 86.4 ಮಿಲಿಲೀಟರ್ ಎಂದರು. 2 ಸೆಂ.ಮೀ. ಹೆಬ್ಬೆರಳಿಗೂ ಇದು ಸರಿಹೊಂದುತ್ತದೆ. ಆದರೆ ಮೈಮೊನಿಡೀಸರ ಕಾಲದ ದಿರ್ಹಮ್ ಇನ್ನೂ ಹಗುರ, ಸುಮಾರು 2.8 ಗ್ರಾಂ ಎಂದು ಹಿಡಿದರೆ ಬಟ್ಟಲು 76ಕ್ಕೆ ಇಳಿಯುತ್ತದೆ. ಲಾಂಡೌ ಅವರ ಪಕ್ಷ ಹಿಡಿದ ‘ಹಜೋನ್ ಈಶ್’ ಖ್ಯಾತಿಯ ರಬ್ಬಿ ಕರೆಲಿಟ್ಜ್ ಅನುಯಾಯಿಗಳ ಬಟ್ಟಲು ಸುಮಾರು 150. ಈ ಲೆಕ್ಕದಲ್ಲಿ ನಾಯೆಯವರ ಬತ್ ಹತ್ತಿರಹತ್ತಿರ 25 ಲೀಟರ್, ಕರೆಲಿಟ್ಜರದು 43. ಜಾಡಿಚೂರಿನ 22, ಜೋಸೀಫಸನ 39ರ ನೆರೆಹೊರೆಗೇ ಬಂದು ನಿಂತಿರುವುದು ಕಾಕತಾಳೀಯ ಎಂದೇ ನನ್ನ ಎಣಿಕೆ.

ಇಷ್ಟಾದ ಮೇಲೂ ತಾಳೆ ನೋಡಲು ಬೈಬಲ್ಲಿನಲ್ಲೇ ಒಂದು ಪಾತ್ರೆ ಇದೆ: ಸೊಲೊಮೋನನ ದೇವಾಲಯದ ಕಂಚಿನ ‘ಸಮುದ್ರ’. ಅಡ್ಡಳತೆ 10 ಮೊಳ, ಎತ್ತರ 5 ಮೊಳ, ಹಿಡಿಯುವುದು 2,000 ಬತ್. ಮೊಳಕ್ಕೆ 45 ಸೆಂ.ಮೀ. ಹಿಡಿದು ನೇರಗೋಡೆಯ ಕಡಾಯಿ ಎಂದುಕೊಂಡರೆ ಅದರಲ್ಲಿ ಸುಮಾರು 36,000 ಲೀಟರ್ ಹಿಡಿಯುತ್ತದೆ. ಬತ್‌ಗೆ 18 ಲೀಟರೂ ಆಗದು. ಬೋಗುಣಿಯಂತೆ ಅರ್ಧಗೋಳವಾದರೆ ಬರೀ 12. ಅಂದರೆ 22 ಲೀಟರಿನ ಬತ್ತೂ ಇದರಲ್ಲಿ ಹಿಡಿಸುವುದಿಲ್ಲ, 39ರ ಮಾತಂತೂ ಬೇಡ.

ತಾಲ್ಮುದ್‌ನ ಪಂಡಿತರು ಇದಕ್ಕೂ ದಾರಿ ಹುಡುಕಿದರು. ಕೆಳಗಿನ ಮೂರು ಮೊಳ ಚೌಕ, ಮೇಲಿನ ಎರಡು ಮೊಳ ದುಂಡು ಎಂದರು. ಪೈ ಬೆಲೆ ಅವರಿಗೆ ಬರೀ 3. ಆಗ 300ಕ್ಕೆ 150 ಸೇರಿ 450 ಘನಮೊಳ. ತಮ್ಮ ಮೊಟ್ಟೆ-ಬೆರಳಿನ ಲೆಕ್ಕಕ್ಕೆ ಕೂದಲೆಳೆಯಷ್ಟೂ ತಪ್ಪದೆ 2,000 ಬತ್. ಹಾಗಿದ್ದರೆ ಪೂರ್ವಕಾಲವೃತ್ತಾಂತದ ಎರಡನೆಯ ಭಾಗ ಇದೇ ಸಮುದ್ರಕ್ಕೆ 3,000 ಬತ್ ಎನ್ನುವುದೇಕೆ? ಅದಕ್ಕೂ ಉತ್ತರ ಸಿದ್ಧವಿತ್ತು: ಅದು ಧಾನ್ಯದ ಲೆಕ್ಕ, ರಾಶಿ ಏರಿಸಿ ಅಳೆದದ್ದು.